ಸದ್ಯ ಎಂಬ ಮಾತು

ಆಪ್ತಸಮಾಲೋಚಕಿಯ ಕೋಣೆಯ ಬಾಗಿಲು ತಳ್ಳುವ ಮೊದಲೇ ಆ ರೈಲು ಚಾಲಕ ತನ್ನ ಉತ್ತರವನ್ನು ಸಿದ್ಧ ಮಾಡಿಕೊಂಡಿದ್ದ. ಆಕೆ ಏನೇ ಹೇಳಲಿ, "ಆಯ್ತು ಮೇಡಂ, ಬಿಡ್ತೀನಿ" ಎನ್ನುವುದು, ತಲೆ ಆಡಿಸುವುದು, ಎದ್ದು ಬರುವುದು. ಉಪದೇಶ ಕೇಳುವುದು ಅವನಿಗೆ ರೂಢಿಯಾಗಿತ್ತು. ಹೆಂಡತಿಯ ಅಣ್ಣ ಹೇಳಿದ್ದ, ಮೇಲಧಿಕಾರಿ ಹೇಳಿದ್ದ, ಜೊತೆಯ ಚಾಲಕರು ಹೇಳಿದ್ದರು, ಕೊನೆಗೆ ಕ್ಷೌರದವನೂ ಕತ್ತರಿ ಆಡಿಸುತ್ತಲೇ ನಾಲ್ಕು ಬುದ್ಧಿಮಾತು ಹೇಳಿದ್ದ. ಎಲ್ಲವೂ ಗೋರ್ಕಲ್ಲ ಮೇಲೆ ಸುರಿದ ಮಳೆ. ಯಾರ ಮೇಲೂ ಅವನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವುದಕ್ಕೂ ಒಳಗೆ ಏನಾದರೂ ಇರಬೇಕಲ್ಲ.

ಅವನು ಹೆಚ್ಚುಕಡಿಮೆ ಇಪ್ಪತ್ತು ವರ್ಷ ಪ್ರಯಾಣಿಕರ ಗಾಡಿ ಓಡಿಸಿದವನು. ಹೊತ್ತಿಗೆ ಸರಿಯಾಗಿ ಗಾಡಿ ತಂದು ನಿಲ್ಲಿಸುತ್ತಾನೆಂದು ಜೊತೆಯವರು ಅವನನ್ನು ನಿಮಿಷಪ್ಪ ಎಂದು ಕರೆಯುತ್ತಿದ್ದರು. ತನ್ನ ಮದುವೆಯ ದಿನವೂ ಎಲ್ಲರಿಗಿಂತ ಮೊದಲು ಬಂದು, ಬಾಗಿಲಲ್ಲಿ ನಿಂತು ಬೀಗರನ್ನೇ ಬರಮಾಡಿಕೊಂಡನೆಂಬ ತಮಾಷೆಯೂ ಇತ್ತು. ಹಿಂದಿನ ವರ್ಷ, ಒಂದು ಸಣ್ಣ ಪಟ್ಟಣ ದಾಟಿದ ಮೇಲೆ ಬರುವ ನೇರ ಹಳಿಯಲ್ಲಿ, ಹಾಡುಹಗಲು, ಒಬ್ಬ ಹೆಂಗಸು ಅವನ ಗಾಡಿಗೆ ಸಿಕ್ಕಿ ಸತ್ತಳು. ವಿಚಾರಣೆಯಾಯಿತು. ಹಾರ್ನ್ ಬಾರಿಸಿದ್ದ, ಬ್ರೇಕ್ ಹಾಕಿದ್ದ, ಚಾಲಕನದು ಏನೂ ತಪ್ಪಿಲ್ಲ ಎಂದು ತೀರ್ಮಾನವಾಯಿತು. ಸ್ವಲ್ಪ ರಜೆ ಕೊಟ್ಟರು. ನಿದ್ದೆ ಬರುತ್ತಿಲ್ಲವೆಂದಾಗ ವೈದ್ಯರೊಬ್ಬರು ಕೆಲವು ವಾರದ ಮಟ್ಟಿಗೆ ಎಂದು ನಿದ್ದೆಯ ಮಾತ್ರೆ ಬರೆದುಕೊಟ್ಟರು.

ಆ ಕೆಲವು ವಾರ ಮುಗಿಯಲೇ ಇಲ್ಲ. ರಾತ್ರಿಯ ಮಾತ್ರೆ ಬೆಳಗಿಗೂ ಬೇಕಾಯಿತು, ಆಮೇಲೆ ಮಧ್ಯಾಹ್ನಕ್ಕೂ. ಒಬ್ಬ ವೈದ್ಯರು ಇನ್ನು ಕೊಡುವುದಿಲ್ಲವೆಂದರೆ ಇನ್ನೊಬ್ಬರಿದ್ದರು. ಅವರೂ ಕೈ ಎತ್ತಿದ ಮೇಲೆ ಏನನ್ನೂ ಕೇಳದೆ ಕೊಡುವ ಒಂದು ಔಷಧಿ ಅಂಗಡಿ ಸಿಕ್ಕಿತು. ಒಂದು ದಿನ ಡ್ಯೂಟಿಗೆ ಹೊರಡುವ ಮುನ್ನ ಚಾಲಕರ ಕೋಣೆಯಲ್ಲಿ ಬೂಟಿನ ದಾರ ಕೈಯಲ್ಲಿ ಹಿಡಿದು, ಅದನ್ನು ಕಟ್ಟದೆ, ಕಣ್ಣು ತೆರೆದುಕೊಂಡೇ ಕೂತುಬಿಟ್ಟಿದ್ದ. ಮೇಲಧಿಕಾರಿ ಎರಡು ಸಲ ಕರೆದರೂ ತಿರುಗಲಿಲ್ಲ. ಅಂದೇ ಅವನನ್ನು ಗಾಡಿಯಿಂದ ಇಳಿಸಿ ಉಗ್ರಾಣದ ಕಿಟಕಿಯ ಹಿಂದೆ ಕೂರಿಸಿದರು. ಹೊರಡುವವರಿಗೆ ದೀಪ, ಬಾವುಟ ಕೊಡುವುದು, ಬಂದವರಿಂದ ವಾಪಸು ತೆಗೆದುಕೊಳ್ಳುವುದು ಅಲ್ಲಿಯ ಕೆಲಸ. ವಾರಕ್ಕೊಮ್ಮೆ ಆಸ್ಪತ್ರೆಯ ಸಮಾಲೋಚಕಿಯನ್ನು ಕಾಣಬೇಕೆಂದೂ ಹೇಳಿದರು.

ಕೋಣೆ ಚಿಕ್ಕದು. ಮೇಜನ್ನು ಗೋಡೆಗೆ ಒತ್ತಿ, ಎರಡು ಕುರ್ಚಿಗಳನ್ನು ಎದುರುಬದುರಾಗಿ ಅಲ್ಲದೆ ಸ್ವಲ್ಪ ಓರೆಯಾಗಿ ಹಾಕಿದ್ದರು. ಕಿಟಕಿಯಿಂದ ಸೈಕಲ್ ಸ್ಟ್ಯಾಂಡ್ ಕಾಣುತ್ತಿತ್ತು. ಸಮಾಲೋಚಕಿ ನಡುವಯಸ್ಸಿನ ಹೆಂಗಸು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮೇಜಿನ ಮೇಲೆಲ್ಲ ಅದನ್ನೇ ಹುಡುಕುತ್ತಿದ್ದರು. ಅವನು ಬೆರಳು ತೋರಿಸಿದ. ಆಕೆ ತಲೆ ಮುಟ್ಟಿಕೊಂಡು, ಮನೆಯಲ್ಲಿ ಇದನ್ನು ಹೇಳಬೇಡಿ, ಮಕ್ಕಳಿಗೆ ಈಗಾಗಲೇ ನನ್ನ ಮೇಲೆ ಅನುಮಾನ ಎಂದು ನಕ್ಕರು. ಅವನು ನಗಲಿಲ್ಲ.

"ಆಯ್ತು ಮೇಡಂ, ಬಿಡ್ತೀನಿ" ಎಂದ, ಕೂತ ಕೂಡಲೇ.

"ನಾನಿನ್ನೂ ಏನೂ ಕೇಳಿಲ್ವಲ್ಲ."

"ಏನು ಕೇಳ್ತೀರಿ ಅಂತ ಗೊತ್ತು."

"ಹಾಗಾದ್ರೆ ನೀವಾಗಿ ಬಂದದ್ದಲ್ಲ. ಕಳಿಸಿದ್ರು, ಬಂದಿದ್ದೀರಿ."

"ಹೂಂ."

ಆಕೆ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡರು. ಆಮೇಲೆ, "ಆ ಮಾತ್ರೆಯಿಂದ ನಿಮಗೆ ಏನು ಒಳ್ಳೇದಾಗ್ತಿದೆ?" ಎಂದು ಕೇಳಿದರು.

ಇದರಲ್ಲಿ ಏನೋ ಕೊಕ್ಕೆಯಿದೆ ಎಂದು ಅವನು ಆಕೆಯ ಮುಖ ನೋಡಿದ. ಕೊಕ್ಕೆ ಕಾಣಲಿಲ್ಲ. ಇಷ್ಟು ದಿನ ಮಾತ್ರೆಯ ಕೆಡುಕನ್ನು ಹೇಳದವರಿಲ್ಲ. ಒಳ್ಳೆಯದನ್ನು ಕೇಳಿದವರು ಇವರೊಬ್ಬರೇ. ಅವನ ಸಿದ್ಧ ಉತ್ತರ ಈ ಪ್ರಶ್ನೆಗೆ ಹೊಂದುತ್ತಿರಲಿಲ್ಲ. ಹಾಗಾಗಿ ನಿಜವನ್ನೇ ಹೇಳಬೇಕಾಯಿತು.

"ತಗೊಂಡ್ರೆ ಎಲ್ಲ ಪಕ್ಕದ ಮನೇಲಿ ನಡೀತಿರೋ ಹಾಗೆ ಇರುತ್ತೆ. ಮಾತು ಕೇಳುತ್ತೆ. ನಮಗೆ ಸಂಬಂಧ ಇರಲ್ಲ."

"ಈ ಮನೇಲಿ ನೀವು ನೆಮ್ಮದಿಯಾಗಿ ಇರ್ತೀರಿ."

"ನೆಮ್ಮದಿ ಅಂತಲ್ಲ" ಎಂದು ಅವನು ತಿದ್ದಿದ. "ಏನೂ ಇರಲ್ಲ. ಅಷ್ಟೇ."

"ಏನೂ ಇಲ್ಲದೆ ಇರೋದು ಬೇಕಾಗಿದೆ."

"ಹೂಂ. ಬೇಕಾಗಿದೆ."

ಅಂದು ಆಕೆ ಬಿಡಿ ಎನ್ನಲಿಲ್ಲ, ಕಡಿಮೆ ಮಾಡಿ ಎನ್ನಲಿಲ್ಲ. ಹೊರಡುವಾಗ ಮುಂದಿನ ವಾರ ಬರುತ್ತೀರಾ ಎಂದು, ನಿಜವಾಗಿಯೂ ಗೊತ್ತಿಲ್ಲದವರಂತೆ ಕೇಳಿದರು. ಬರಲೇಬೇಕಲ್ಲ ಎಂದ. ಹೊರಗೆ ಬಂದು ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತವನಿಗೆ, ತಾನು ಸುಳ್ಳು ಹೇಳದೆ ಎದ್ದು ಬಂದೆನೆಂಬುದು ಅರಿವಾಯಿತು. ಅದರಿಂದ ಸಂತೋಷವೇನೂ ಆಗಲಿಲ್ಲ. ಮಧ್ಯಾಹ್ನದ ಮಾತ್ರೆಯ ಹೊತ್ತಾಗಿತ್ತು. ತೆಗೆದುಕೊಂಡ.

ಮನೆ ರೈಲ್ವೆ ವಸತಿಯ ಎರಡನೇ ಮಹಡಿಯಲ್ಲಿತ್ತು. ಹೆಂಡತಿ ಹತ್ತಿರದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಒಂಬತ್ತು ವರ್ಷದ ಮಗಳು ಶಾಲೆಗೆ ಹೋಗುತ್ತಿದ್ದಳು. ಅವನು ಮನೆಗೆ ಬಂದರೆ ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದ. ಹೆಂಡತಿ ಕೆಳಗಿನ ಮನೆಯವರ ನಲ್ಲಿ ಸೋರುವುದರಿಂದ ಹಿಡಿದು ಕಾರ್ಖಾನೆಯ ಮೇಸ್ತ್ರಿಯ ಹೊಸ ಮೀಸೆಯವರೆಗೆ ಎಲ್ಲವನ್ನೂ ಹೇಳುತ್ತಿದ್ದಳು. ಅವನು ಹೂಂ ಎನ್ನುತ್ತಿದ್ದ. ಒಂದು ದಿನ ಅವಳು ಪರೀಕ್ಷೆ ಮಾಡಲೆಂದೇ, ಇವತ್ತು ನಮ್ಮ ಮನೆಗೆ ಆನೆ ಬಂದಿತ್ತು ಎಂದಳು. ಅವನು ಅದಕ್ಕೂ ಹೂಂ ಎಂದ. ಅವಳು ಮೊದಲು ನಕ್ಕಳು. ಆಮೇಲೆ ಒಳಗೆ ಹೋಗಿ ಬಟ್ಟೆ ಮಡಿಸುತ್ತ ಕೂತಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಅವನು ಅದನ್ನೂ ನೋಡಿದ. ಕಾಣುವುದು ಎಲ್ಲವೂ ಕಾಣುತ್ತಿತ್ತು.

ಸಮಾಲೋಚಕಿಯ ಬಳಿ ಮುಂದಿನ ಕೆಲವು ವಾರಗಳೂ ಹೀಗೇ ಕಳೆದವು. ಆಕೆ ಕಡಿಮೆ ಮಾತಾಡುತ್ತಿದ್ದರು. ಅವನು ಹೇಳಿದ್ದನ್ನೇ ತುಸು ಬೇರೆ ಮಾಡಿ ಅವನ ಮುಂದೆ ಇಡುತ್ತಿದ್ದರು. ಅದು ಸರಿಯಾಗಿರದಿದ್ದರೆ ಅವನು ತಿದ್ದುತ್ತಿದ್ದ. ತಿದ್ದುವ ಭರದಲ್ಲಿ ಇನ್ನೆರಡು ಮಾತು ಹೆಚ್ಚಾಗಿಯೇ ಹೊರಬರುತ್ತಿದ್ದವು. ಇದು ನಿಮ್ಮ ಜಾಣತನವೋ ಎಂದು ಅವನು ಒಮ್ಮೆ ನೇರವಾಗಿ ಕೇಳಿದ. ಆಕೆ ಮುಚ್ಚಿಡಲಿಲ್ಲ. ಇದೊಂದು ಕಲಿತ ವಿದ್ಯೆ, ಪುಸ್ತಕದಲ್ಲಿ ಇದಕ್ಕೆ ಉದ್ದದ ಹೆಸರಿದೆ ಎಂದರು. ಮನುಷ್ಯನಿಗೆ ಬದಲಾಗುವ ಕಾರಣವನ್ನು ಹೊರಗಿನವರು ಹೇಳಿದರೆ ಅವನು ಅದರ ವಿರುದ್ಧ ವಾದ ಮಾಡುತ್ತಾನೆ, ತಾನೇ ಹೇಳಿಕೊಂಡರೆ ಕೇಳಿಸಿಕೊಳ್ಳುತ್ತಾನೆ, ಸುಮ್ಮನೆ ಕೂರುವುದೇ ಇದರಲ್ಲಿ ಕಷ್ಟದ ಭಾಗ, ಹುಟ್ಟಾ ಬಾಯಿಬಡುಕಿಯಾದ ನನಗಂತೂ ಇನ್ನೂ ಪೂರ್ತಿ ಒಲಿದಿಲ್ಲ ಎಂದರು.

ಒಂದು ದಿನ ಆಕೆ, ಮಾತ್ರೆ ಬಿಡುವುದು ನಿಮಗೆ ಎಷ್ಟು ಮುಖ್ಯ ಅನಿಸುತ್ತದೆ, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಿ ಎಂದರು. ಅವನು ಮೂರು ಎಂದ. ಅಷ್ಟು ಕಡಿಮೆ ಯಾಕೆ ಎಂದು ಕೇಳುತ್ತಾರೆಂದು ಕಾದ.

"ಒಂದು ಅನ್ನಬಹುದಿತ್ತು. ಮೂರು ಅಂದ್ರಿ. ಯಾಕೆ?"

ಹೊರಗೆ ಯಾರೋ ಸೈಕಲ್ಲಿನ ಬೀಗದ ಜೊತೆ ಗುದ್ದಾಡುತ್ತಿದ್ದರು.

"ಮಗಳು" ಎಂದ.

ಮಗಳು ಓಣಿಯಲ್ಲಿ ಸೈಕಲ್ ಕಲಿಯುತ್ತಿದ್ದಳು. ಬಿದ್ದು, ಮೋರಿಯ ಕಲ್ಲಿನ ಅಂಚಿಗೆ ತಾಗಿ ಹುಬ್ಬಿನ ಮೇಲೆ ಸೀಳಿತು. ಹೆಂಡತಿ ಕಾರ್ಖಾನೆಯಲ್ಲಿದ್ದಳು. ಹುಡುಗಿ ರಕ್ತ ಸುರಿಸಿಕೊಂಡು, ಜೋರಾಗಿ ಅಳುತ್ತ ಮೆಟ್ಟಿಲು ಹತ್ತಿ ಬಂದಳು. ಅವನು ಬಟ್ಟೆ ಒತ್ತಿ ಹಿಡಿದ, ಎತ್ತಿಕೊಂಡು ದವಾಖಾನೆಗೆ ಹೋದ, ಹೊಲಿಗೆ ಹಾಕುವಾಗ ಕೈ ಹಿಡಿದುಕೊಂಡ. ಮಾಡಬೇಕಾದ ಯಾವುದನ್ನೂ ಬಿಡಲಿಲ್ಲ. ಇಷ್ಟನ್ನು ಅವನು ಪಾಠ ಒಪ್ಪಿಸಿದಂತೆ ಹೇಳಿ ನಿಲ್ಲಿಸಿದ.

"ಮೆಟ್ಟಿಲು ಹತ್ತಿ ಬಂದವಳು ನನ್ನ ಮುಖ ನೋಡಿದ್ಲು ಮೇಡಂ. ನೋಡಿ, ಅಳೋದನ್ನ ನಿಲ್ಲಿಸಿಬಿಟ್ಲು. ನೋವು ಹೋಯ್ತು ಅಂತಲ್ಲ. ಅಂಗಡಿ ಮುಚ್ಚಿದೆ ಅಂತ ಗೊತ್ತಾದ್ರೆ ಸುಮ್ಮನೆ ವಾಪಸ್ ಹೋಗ್ತೀವಲ್ಲ, ಹಾಗೆ. ಸಂಜೆ ಅವರಮ್ಮ ಬಂದಮೇಲೆ ಅತ್ತಳು. ಅಲ್ಲೀವರೆಗೂ ಇಟ್ಕೊಂಡಿದ್ಲು."

"ಕೆಲಸ ಎಲ್ಲ ನೀವು ಮಾಡಿದ್ರಿ. ಅವಳು ಹುಡುಕಿಕೊಂಡು ಬಂದ ಅಪ್ಪ ಮಾತ್ರ ಮನೇಲಿರಲಿಲ್ಲ."

"ಇರಲಿಲ್ಲ." ಅವನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಅದೊಂದು ಆಗಬಾರದಿತ್ತು. ಇನ್ನು ಆಗಬಾರದು."

ಆ ಕೊನೆಯ ಮಾತು ಯಾರೋ ಹೇಳಿದಂತೆ ಅವನ ಕಿವಿಗೇ ಬಿತ್ತು. ಆಕೆ ಅದನ್ನು ಎತ್ತಿಕೊಂಡು ಹೊಗಳಲಿಲ್ಲ. ಇನ್ನು ಆಗಬಾರದು ಎಂದು ಮೆಲ್ಲಗೆ ಅದನ್ನೇ ಇನ್ನೊಮ್ಮೆ ಹೇಳಿ, ಅಂದಿಗೆ ಮಾತು ಮುಗಿಸಿದರು.

ಅಂದು ಸಂಜೆ ಅವನು ಹೆಂಡತಿಗೆ, ಬಿಡಬೇಕು ಅನ್ನಿಸುತ್ತಿದೆ ಎಂದ. ತಿಂಗಳುಗಟ್ಟಲೆ ಹೂಂ ಬಿಟ್ಟು ಬೇರೇನೂ ಕೇಳದ ಅವಳಿಗೆ ಅಷ್ಟೇ ಸಾಕಾಯಿತು. ತಡೆಯಲಾರದೆ ಅಣ್ಣನಿಗೆ ಫೋನ್ ಮಾಡಿದಳು. ಅವಳ ಅಣ್ಣನಿಗೆ ಬಣ್ಣದ ಅಂಗಡಿಯಿತ್ತು. ದನಿ ದೊಡ್ಡದು, ಮನಸ್ಸೂ ದೊಡ್ಡದು, ತಾಳ್ಮೆಯೊಂದೇ ಚಿಕ್ಕದು. ಮರುದಿನ ಬೆಳಿಗ್ಗೆಯೇ ಬಂದ. ಶುಭಸ್ಯ ಶೀಘ್ರಂ ಎಂದು ಹೇಳುತ್ತ ಕಪಾಟು, ಅಂಗಿಯ ಜೇಬು, ಬಾಲ್ಕನಿಯ ಹೂಕುಂಡದ ಹಿಂದೆ ಎಲ್ಲ ತಡಕಿ, ಸಿಕ್ಕ ಮಾತ್ರೆಗಳನ್ನೆಲ್ಲ ಕಕ್ಕಸಿಗೆ ಸುರಿದು ನೀರು ಬಿಟ್ಟ. ಔಷಧಿ ಅಂಗಡಿಯವನಿಗೂ ಹೋಗಿ ಎಚ್ಚರಿಕೆ ಕೊಟ್ಟು ಬಂದ. ಗಂಡಸಾದವನು ಮನಸ್ಸು ಮಾಡಿದರೆ ಒಂದೇ ಏಟಿಗೆ ಬಿಡಬೇಕು ಭಾವ, ನಾನು ಬೀಡಿ ಬಿಟ್ಟಿದ್ದೂ ಹಾಗೇ ಎಂದ. ಅವನು ಬೀಡಿಯನ್ನು ನಾಲ್ಕು ಸಲ ಹಾಗೆ ಬಿಟ್ಟಿದ್ದನ್ನು ಅವನ ತಂಗಿ ಅಂದು ನೆನಪಿಸಲಿಲ್ಲ. ಚಾಲಕ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡಿದ. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ.

ಮೊದಲ ದಿನ ಕೈ ನಡುಗಿತು. ಆಮೇಲೆ ಬೆವರು, ಗೋಡೆಗಳು ಹತ್ತಿರ ಸರಿದಂತೆ, ಬಲ್ಬಿನ ಬೆಳಕು ಕಣ್ಣಿಗೆ ಚುಚ್ಚಿದಂತೆ. ಮೂರನೆಯ ದಿನ ಬೆಳಿಗ್ಗೆ ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದವನು ಹಾಗೇ ಕುಸಿದು, ಕೈಕಾಲು ಸೆಟೆದು ಒದ್ದಾಡಿದ. ಫಿಟ್ಸ್ ಬಂದಿತ್ತು. ಬಾಗಿಲು ಒಡೆದು ಒಳಗೆ ಹೋದವನು, ಕಾವಲಿಗೆಂದು ಅಲ್ಲೇ ಉಳಿದಿದ್ದ ಬಣ್ಣದ ಅಂಗಡಿಯವನೇ. ಹೊತ್ತುಕೊಂಡು ಎರಡು ಮಹಡಿ ಇಳಿದು ಆಸ್ಪತ್ರೆಗೆ ಸೇರಿಸಿದವನೂ ಅವನೇ.

ವಾರ್ಡಿಗೆ ಸಮಾಲೋಚಕಿ ಬಂದಾಗ ಹೆಂಡತಿಯ ಅಣ್ಣ ಹೊರಗಿನ ಬೆಂಚಿನ ಮೇಲೆ ಮುದುಡಿ ಕೂತಿದ್ದ. ಬೈಯುತ್ತಾರೆಂದುಕೊಂಡು ತಾನೇ ಮೊದಲು ಏರಿ ಹೋದ: ನೀವು ಮೆತ್ತಗೆ ಮಾತಾಡಿ ಮಾತಾಡಿ ಇಷ್ಟಕ್ಕೆ ತಂದಿರಿ, ಗಟ್ಟಿಯಾಗಿ ಹೇಳಿದ್ದರೆ ಯಾವತ್ತೋ ಬಿಡುತ್ತಿದ್ದ. ಆಕೆ ಪಕ್ಕದಲ್ಲಿ ಕೂತು ಅವನು ಮುಗಿಸುವವರೆಗೂ ಕೇಳಿದರು. ತಂಗಿಯ ಸಂಸಾರ ಕಣ್ಣೆದುರು ಮುಳುಗುವುದನ್ನು ನೋಡಿಕೊಂಡು ಕೈಕಟ್ಟಿ ಕೂರಲು ನಿಮ್ಮಿಂದ ಆಗಲಿಲ್ಲ ಎಂದಷ್ಟೇ ಹೇಳಿದರು. ಆ ದೊಡ್ಡ ದನಿಯ ಮನುಷ್ಯ ಕರವಸ್ತ್ರ ತೆಗೆದು ಮುಖ ಮುಚ್ಚಿಕೊಂಡ. ಸ್ವಲ್ಪ ಹೊತ್ತಾದ ಮೇಲೆ, ಬಣ್ಣವನ್ನೂ ಒಂದೇ ಸಲ ದಪ್ಪಗೆ ಬಳಿದರೆ ಸುಲಿದು ಬರುತ್ತೆ, ಗಿರಾಕಿಗಳಿಗೆ ದಿನಾ ಹೇಳ್ತೀನಿ ಎಂದು ತನ್ನಷ್ಟಕ್ಕೆ ಗೊಣಗಿಕೊಂಡ.

ಹಾಸಿಗೆಯ ಪಕ್ಕ ಬಂದು ಆಕೆ ಚಾಲಕನನ್ನು ಕೇಳಿದರು: "ಈ ಮಾತ್ರೆ ಬಿಡೋದರ ಬಗ್ಗೆ ನನಗೆ ಗೊತ್ತಿರೋದು ಸ್ವಲ್ಪ ಇದೆ. ಹೇಳಲಾ?"

ಹೇಳಿ ಎಂದ. ಈ ಜಾತಿಯ ಮಾತ್ರೆಯನ್ನು ಬಹಳ ದಿನ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ, ವೈದ್ಯರ ಕಣ್ಗಾವಲಿನಲ್ಲಿ ಚೂರು ಚೂರೇ ಇಳಿಸಬೇಕು, ತಿಂಗಳುಗಳೇ ಹಿಡಿಯಬಹುದು, ನಡುವೆ ಬೇಸರ, ಕಿರಿಕಿರಿ, ಭಯ ಎಲ್ಲ ಬರುತ್ತವೆ ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಇದನ್ನು ಕೇಳಿ ನಿಮಗೇನನ್ನಿಸುತ್ತದೆ ಎಂದರು. ಅವನು ಮೇಲಿನ ಫ್ಯಾನನ್ನೇ ನೋಡುತ್ತ, ಎತ್ತು ಏರಿಗೆ ಎಳೆಯುತ್ತದೆ, ಕೋಣ ನೀರಿಗೆ ಎಳೆಯುತ್ತದೆ ಎಂದ. ಎರಡೂ ನಿಮ್ಮವೇ, ಯಾವುದನ್ನೂ ಹೊಡೆದು ಓಡಿಸಬೇಕಿಲ್ಲ, ಇವತ್ತು ಯಾವುದರ ಹಿಂದೆ ಹೋಗಬೇಕು ಅನ್ನುವುದನ್ನು ಮಾತ್ರ ನೀವೇ ಹೇಳಬೇಕು ಎಂದರು ಆಕೆ.

"ಇಳಿಸೋಣ" ಎಂದ. "ನಿಧಾನಕ್ಕೆ."

ಹಾಗೆ ಶುರುವಾಯಿತು. ವೈದ್ಯರು ಹೇಳಿದಂತೆ ಹೆಂಡತಿ ಅಡುಗೆಮನೆಯ ಕಟ್ಟೆಯ ಮೇಲೆ ಬ್ಲೇಡಿನಿಂದ ಮಾತ್ರೆ ಕತ್ತರಿಸಿ ಕೊಡುತ್ತಿದ್ದಳು. ಮೊದಲು ಅವನಿಗೆ ಏನೂ ಗೊತ್ತಾಗಲಿಲ್ಲ. ಆಮೇಲೆ ಒಂದೊಂದೇ ಬರತೊಡಗಿತು. ಬಂದದ್ದರಲ್ಲಿ ಒಳ್ಳೆಯದು ಯಾವುದೂ ಇರಲಿಲ್ಲ. ಮೊದಲು ಬಂದದ್ದು ಸದ್ದು. ಕುಕ್ಕರಿನ ಸೀಟಿಗೆ ಬೆಚ್ಚಿಬೀಳುತ್ತಿದ್ದ. ಉಗ್ರಾಣದ ಸೀಮೆಎಣ್ಣೆ ವಾಸನೆಗೆ ತಲೆ ಸಿಡಿಯುತ್ತಿತ್ತು. ಒಂದು ಸಂಜೆ ಹೆಂಡತಿಯ ಅಣ್ಣ ಟೀವಿಯನ್ನು ಜೋರಾಗಿ ಹಾಕಿಕೊಂಡು ಕೂತಿದ್ದಾಗ, ಇದೇನು ಮನೆಯೋ ಸಂತೆಯೋ ಎಂದು ಚಾಲಕ ಗದರಿದ. ಅವನು ತಬ್ಬಿಬ್ಬಾಗಿ ಟೀವಿ ಆರಿಸಿದ. ಹೆಂಡತಿ ಅಡುಗೆಮನೆಗೆ ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಣ್ಣನಿಗೆ ಅವಮಾನವಾಯಿತೆಂದು ಅತ್ತದ್ದಲ್ಲ. ಗಂಡನಿಗೆ ಸಿಟ್ಟು ಬಂತಲ್ಲ ಎಂದು. ಅವಳ ಅಣ್ಣನೂ ಮನೆಗೆ ಹೋಗುವಾಗ ಮೆಟ್ಟಿಲಲ್ಲಿ ನಗುತ್ತಿದ್ದನೆಂದು ಮಗಳು ವರದಿ ಕೊಟ್ಟಳು.

ಬೆಳಗಿನ ಮಾತ್ರೆ ಪೂರ್ತಿ ನಿಂತು ಕೆಲವು ವಾರವಾಗಿತ್ತು. ಆ ದಿನ ಅವನು ಸಮಾಲೋಚಕಿಯ ಕೋಣೆಯಲ್ಲಿ ಕೂತವನು ಕೇಳದೆಯೇ ಹೇಳತೊಡಗಿದ.

ಆ ಹೆಂಗಸು ಸಾಯಬೇಕೆಂದು ಬಂದವಳಲ್ಲ. ಹಳಿ ದಾಟುತ್ತಿದ್ದಳು. ಕೈಯಲ್ಲೊಂದು ಚೀಲವಿತ್ತು. ಅವನು ಹಾರ್ನ್ ಬಾರಿಸಿದ, ಬ್ರೇಕ್ ಎಳೆದ. ಅಷ್ಟು ಭಾರದ ಗಾಡಿ ಎಳೆದ ಕೂಡಲೇ ನಿಲ್ಲುವುದಿಲ್ಲ. ಬ್ರೇಕ್ ಹಿಡಿದೇ ಇತ್ತು, ಗಾಡಿ ಜಾರುತ್ತಲೇ ಇತ್ತು. ಅವಳಿಗೆ ಕೇಳಿಸಿತು. ಓಡಿದಳು. ಹಳಿ ದಾಟಿ ಆಚೆಗೆ ಹೋದಳು.

"ಪೂರ್ತಿ ದಾಟಿದ್ಲು ಮೇಡಂ. ನಾನು ಕಣ್ಣಾರೆ ನೋಡಿದೆ. ಪಕ್ಕದಲ್ಲಿದ್ದ ಸಹಚಾಲಕನ ಕಡೆ ತಿರುಗಿ 'ಸದ್ಯ' ಅಂದೆ. ಅವನೂ ನಕ್ಕ. ಮತ್ತೆ ಮುಂದೆ ನೋಡ್ತೀನಿ, ಅವಳು ವಾಪಸ್ ಬರ್ತಿದ್ದಾಳೆ. ಒಂದು ಚಪ್ಪಲಿ ಹಳಿ ನಡುವೆ ಬಿದ್ದಿತ್ತು."

ಆಕೆ ಮುಂದಕ್ಕೆ ಬಾಗಿ, "ಅದರಲ್ಲಿ ನಿಮ್ಮ ತಪ್ಪೇನೂ ಇಲ್ವಲ್ಲ" ಎಂದುಬಿಟ್ಟರು.

ಅವನ ಮುಖ ಅಲ್ಲೇ ಮುಚ್ಚಿಕೊಂಡಿತು. "ಆಯ್ತು ಮೇಡಂ" ಎಂದ.

ಆ 'ಆಯ್ತು' ಯಾವುದೆಂದು ಇಬ್ಬರಿಗೂ ಗೊತ್ತಾಯಿತು. ಆಕೆ ಹಿಂದಕ್ಕೆ ಸರಿದು ಕೂತರು.

"ನಾನು ಆತುರಪಟ್ಟೆ. ಕ್ಷಮಿಸಿ. ನೀವು ತಪ್ಪಿನ ಮಾತೇ ಆಡಿರಲಿಲ್ಲ."

ಅವನು ಕಿಟಕಿಯ ಕಡೆ ನೋಡುತ್ತಿದ್ದ. ಎದ್ದು ಹೋಗಬಹುದಿತ್ತು; ಹೋಗಲಿಲ್ಲ.

"ಎಲ್ಲರೂ ಅದನ್ನೇ ಹೇಳ್ತಾರೆ" ಎಂದ ಕೊನೆಗೆ. "ತಪ್ಪಿಲ್ಲ ಅಂತ. ನನಗೂ ಗೊತ್ತು ತಪ್ಪಿಲ್ಲ. ಬ್ರೇಕ್ ನನ್ನ ಕೈಲೇ ಇತ್ತಲ್ಲ."

"ತಪ್ಪಲ್ಲ. ಬೇರೆ ಏನೋ."

"ಖುಷಿಪಟ್ಟಿದ್ದೆ ಮೇಡಂ. ನನ್ನ ಜನ್ಮದಲ್ಲಿ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ, ಮಗಳು ಹುಟ್ಟಿದಾಗಲೂ. ಬಾಯಲ್ಲಿ 'ಸದ್ಯ' ಅನ್ನೋ ಮಾತು ಇನ್ನೂ ಹಾಗೇ ಇತ್ತು. ಅಷ್ಟರಲ್ಲಿ."

"ಆಮೇಲೆ ಖುಷಿ ಅಂದ್ರೇನೇ ಭಯ."

ಅವನು ತಲೆ ಆಡಿಸಿದ. ಅಂದಿನಿಂದ 'ಸದ್ಯ' ಎಂಬ ಮಾತನ್ನು ಅವನು ಬಾಯಲ್ಲಿ ಆಡಿರಲಿಲ್ಲ. ಎಲ್ಲ ಸರಿಹೋಯಿತು ಎಂದು ಮನಸ್ಸು ಎಲ್ಲಿ ಉಸಿರು ಬಿಡುತ್ತದೋ ಅಲ್ಲಿಗೇ ಗಾಡಿ ಬರುತ್ತದೆಂದು ಮೈಗೆ ಗೊತ್ತಾಗಿಬಿಟ್ಟಿತ್ತು. ಮಗಳಿಗೆ ಹೊಲಿಗೆ ಹಾಕಿದ ಡಾಕ್ಟರು, ಸದ್ಯ, ಕಣ್ಣಿಗೆ ಏಟಾಗಿಲ್ಲ ಎಂದಾಗ, ಅವನು ಹೊರಗೆ ಬಂದು ನೀರಿಲ್ಲದೆ ಇನ್ನೊಂದು ಮಾತ್ರೆ ನುಂಗಿದ್ದ. ದುಃಖ ತಡೆಯಲಾರದೆ ಮಾತ್ರೆ ತೆಗೆದುಕೊಳ್ಳುತ್ತಾನೆಂದು ಮನೆಯವರು ತಿಳಿದಿದ್ದರು. ದುಃಖಕ್ಕಲ್ಲ, ಖುಷಿಯಾಗದಿರಲಿ ಎಂದು ತೆಗೆದುಕೊಳ್ಳುತ್ತಿದ್ದೆ ಎಂದು ಅವನು ಅಂದು ಹೇಳಿದ. ಹೇಳುವಾಗ ಅಳು ಬರಲಿಲ್ಲ. ಬರಬಹುದೆಂದು ತಾನೂ ಕಾದ. ಆಕೆ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟರು.

ಇದಾದ ಮೇಲೆ ಎಲ್ಲವೂ ನೆಟ್ಟಗಾಯಿತು ಎನ್ನುವ ಹಾಗಿಲ್ಲ. ಒಂದು ಸಲ ಜಾರಿದ. ಹಳೆಯ ಅಂಗಡಿಗೆ ಹೋಗಿ ಒಂದು ಪಟ್ಟಿ ಮಾತ್ರೆ ತಂದ. ಎರಡು ಮಾತ್ರೆ ತೆಗೆದುಕೊಂಡು, ಉಳಿದದ್ದನ್ನು ತಾನೇ ತಂದು ವೈದ್ಯರ ಮೇಜಿನ ಮೇಲಿಟ್ಟ. ಸಮಾಲೋಚಕಿ ಯಾಕೆ ತಂದಿರಿ ಎನ್ನಲಿಲ್ಲ. ಮೂರನೆಯದನ್ನು ತೆಗೆದುಕೊಳ್ಳದೆ ಹೇಗೆ ಉಳಿದಿರಿ ಎಂದು ಕೇಳಿದರು. ಅವನು ಯೋಚಿಸಿ, ಮಗಳು ಗಣಿತ ಹೇಳಿಕೊಡು ಎಂದು ಬಂದಳು, ಮಂಕು ಕವಿದರೆ ಲೆಕ್ಕ ಬರುವುದಿಲ್ಲ ಎಂದ.

ಆರೋಗ್ಯ ಪರೀಕ್ಷೆಯಲ್ಲಿ ಪಾಸಾದ ಮೇಲೆ ಮೇಲಧಿಕಾರಿ ಕರೆಸಿ, ನಿಮಿಷಪ್ಪ ಬಂದರೆ ನಮ್ಮ ಗಾಡಿಗಳೆಲ್ಲ ಮತ್ತೆ ಹೊತ್ತಿಗೆ ಬರುತ್ತವೆ ಎಂದರು. ಹೆಂಡತಿಯ ಅಣ್ಣನಿಗೆ ಅವನು ಮತ್ತೆ ದೊಡ್ಡ ಗಾಡಿ ಓಡಿಸಬೇಕು; ಕೆಟ್ಟದ್ದನ್ನು ಗೆದ್ದಂತೆ ಆಗಬೇಡವೇ. ಹೆಂಡತಿಗೆ ಅವನು ಉಗ್ರಾಣದ ಕಿಟಕಿಯ ಹಿಂದೆಯೇ ಇರಬೇಕು; ಅಲ್ಲಿ ಯಾರೂ ಅಡ್ಡ ಬರುವುದಿಲ್ಲ. ಸಮಾಲೋಚಕಿಗೆ ಏನು ಬೇಕಿತ್ತೋ ಅವನಿಗೆ ತಿಳಿಯಲಿಲ್ಲ. ಆಕೆ ಎರಡೂ ಕಡೆಯ ಒಳಿತು ಕೆಡುಕುಗಳನ್ನು ಅವನಿಂದಲೇ ಹೇಳಿಸಿ, ಎಲ್ಲವನ್ನೂ ಒಟ್ಟು ಮಾಡಿ ಒಮ್ಮೆ ಅವನಿಗೇ ಹೇಳಿ ತೋರಿಸಿದರು. ಈಗ ನಿಮಗೆ ಏನು ಬೇಕು ಎಂದರು.

"ಎಂಜಿನ್ ಬೇಕು" ಎಂದ. "ಓಟ ಬೇಡ."

ಆ ಮಾತನ್ನೇ ಹಿಡಿದು ಅವನು ಮೇಲಧಿಕಾರಿಯ ಬಳಿ ಹೋದ. ಅವರು ಒಪ್ಪಲು ಕೆಲವು ದಿನ ಹಿಡಿಯಿತು. ಕೊನೆಗೆ ಶಂಟಿಂಗ್ ಯಾರ್ಡಿಗೆ ಹಾಕಿದರು. ಅಲ್ಲಿ ಎಂಜಿನ್ ಮನುಷ್ಯ ನಡೆಯುವ ವೇಗದಲ್ಲಿ ಹೋಗುತ್ತದೆ. ಖಾಲಿ ಬೋಗಿಗಳನ್ನು ಒಂದು ಹಳಿಯಿಂದ ಬಿಚ್ಚಿ ಇನ್ನೊಂದಕ್ಕೆ ಸೇರಿಸುವುದು. ಕೆಳಗೆ ನಿಂತ ಪಾಯಿಂಟ್ಸ್‌ಮನ್ ಕೈ ಬೀಸಿದರೆ ಮುಂದೆ, ಕೈ ಎತ್ತಿದರೆ ನಿಲ್ಲು. ಎಕ್ಸ್‌ಪ್ರೆಸ್ ಓಡಿಸಿದವನು ತಳ್ಳುಗಾಡಿಗೆ ಬಂದ ಎಂದು ಜೊತೆಯವರು ರೇಗಿಸಿದರು. ರೇಗಿಸುತ್ತಿದ್ದಾರೆಂದು ಅವನಿಗೆ ಗೊತ್ತಾಯಿತು. ಅಷ್ಟೂ ಹಿಂದಿನ ವರ್ಷ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಎಂಜಿನ್ ಹತ್ತುವಾಗ ಭಯವಿರುತ್ತಿತ್ತು. ಇಳಿಯುವಾಗಲೂ ಇರುತ್ತಿತ್ತು. ರಾತ್ರಿಗೆ ಇನ್ನೂ ಕಾಲು ಮಾತ್ರೆ ಉಳಿದಿತ್ತು.

ಒಂದು ರಜಾದಿನ ಮಗಳು ಅಪ್ಪನ ಹೊಸ ಕೆಲಸ ನೋಡಬೇಕೆಂದು ಹಟ ಹಿಡಿದಳು. ಯಾರ್ಡಿನ ಬೇಲಿಯ ಹೊರಗೆ ಒಂದು ಸಿಮೆಂಟಿನ ಕಟ್ಟೆಯಿತ್ತು; ಅವಳನ್ನು ಅಲ್ಲಿ ಕೂರಿಸಿದ. ಬಿಡುವಾದಾಗ ಬಂದು ಪಕ್ಕದಲ್ಲಿ ಕೂತ. ಎದುರಿಗೆ ತುಕ್ಕು ಹಿಡಿದ ಬೋಗಿಗಳ ಸಾಲು ಬಿಸಿಲಿನಲ್ಲಿ ನಿಂತಿತ್ತು. ಹುಡುಗಿ ಸ್ವಲ್ಪ ಹೊತ್ತು ಕಾಲು ಆಡಿಸುತ್ತಿದ್ದಳು.

"ಅಪ್ಪ, ನಿನ್ನ ಗಾಡಿಗೆ ಸಿಕ್ಕಿದ್ರಲ್ಲ, ಅವರ ಹೆಸರೇನು?"

ಮನೆಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಅವನಿಗೆ ಗೊತ್ತಿತ್ತು, ವಿಚಾರಣೆಯ ದಿನ ಕೇಳಿಸಿಕೊಂಡಿದ್ದ. ಅವನು ಆ ಹೆಸರು ಹೇಳಿದ. ಹುಡುಗಿ ಹೆಸರನ್ನು ಒಮ್ಮೆ ತಾನೂ ಹೇಳಿ ನೋಡಿದಳು.

"ಅವರಿಗೆ ಮಕ್ಕಳಿದ್ರಾ?"

"ಒಬ್ಬ ಮಗ ಇದ್ದಾನೆ. ನಿನಗಿಂತ ದೊಡ್ಡವನು."

ಅವಳು ತಲೆ ಆಡಿಸಿದಳು. ಪಾಯಿಂಟ್ಸ್‌ಮನ್ ದೂರದಿಂದ ಕೈ ಮಾಡಿ ಕರೆದ. ಅವನು ಎದ್ದು, ಕೆಲಸ ಮುಗಿಯುವುದು ಇನ್ನೂ ತಡವಾಗುತ್ತದೆ, ಬಿಸಿಲು ಹತ್ತಿದರೆ ಆ ಕಡೆಯ ಮರದ ಕೆಳಗೆ ಹೋಗು ಎಂದು ಹೇಳಿ ಎಂಜಿನ್ನಿನ ಕಡೆ ನಡೆದ. ಮಗಳು ಕಟ್ಟೆಯ ಮೇಲೇ ಕೂತಿದ್ದಳು. ಬೋಗಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿ, ಮೆಲ್ಲಗೆ ಅವಳ ಮುಂದೆ ಸರಿದು ಹೋದವು.